ಓದುಗರ ಪ್ರಶ್ನೆ: ಕೋರಲ್ ಹಾಡು, ನಾಲ್ಕು ಟ್ರೊಂಬೋನ್, ಒಂದು ಆರ್ಗನ್

ಪ್ರಶ್ನೆ: ಆಸ್ಟ್ರಿಯದ ಸಂಗೀತಗಾರ ಬ್ರುಕ್ನರ್‌ನ ‘ಲೋಕುಸ್ ಇಸ್ತೆ’ಯನ್ನು (ಸೊಪ್ರಾನೊ, ಆಲ್ಟೊ, ಟೆನರ್, ಬಾಸ್ ಎಂಬ ನಾಲ್ಕು ಧ್ವನಿಗಳ ಲ್ಯಾಟಿನ್ ಚರ್ಚ್ ಹಾಡು) ನಾಲ್ಕು ಟ್ರೊಂಬೋನ್ ಮತ್ತು ಆರ್ಗನ್‌ಗೆ ಹೊಂದಿಸಿದ್ದೇನೆ. ಮೂಲದ ಸಿ ಮೇಜರ್ ಹಾಗೇ ಇದೆ, ಆರ್ಗನ್ ನಾಲ್ಕೂ ಧ್ವನಿಗಳನ್ನು ನುಡಿಸುತ್ತದೆ. ಮೊದಲ ಟ್ರೊಂಬೋನಿನವರಿಗೆ ಮೇಲಿನ ಸ್ವರ ಎಟಕುವುದಿಲ್ಲ, ಒಟ್ಟು ನಾದವೂ ಮಂಕು. ಎಲ್ಲಿ ತಿದ್ದಲಿ?
– ಓದುಗರು, ಸ್ಟುಟ್‌ಗಾರ್ಟ್

ಉತ್ತರ: ಮೊದಲು ಶ್ರುತಿ ಇಳಿಸಿ. ಟೆನರ್ ಟ್ರೊಂಬೋನ್ ಹವ್ಯಾಸಿಗಳ ಕೈಯಲ್ಲಿ ಮಿಡ್ಲ್ ಸಿಯ (ಪಿಯಾನೋದ ನಡುವಿನ ಸಿ) ಮೇಲಿನ ಜಿವರೆಗೆ ನೆಮ್ಮದಿಯಾಗಿರುತ್ತದೆ, ಪಳಗಿದವರು ಬಿ ಫ್ಲಾಟ್ ಮುಟ್ಟುತ್ತಾರೆ. ಸೊಪ್ರಾನೊ ಸಾಲು ಅದಕ್ಕಿಂತ ಮೇಲಿದೆ. ಒಂದು ಫಿಫ್ತ್ (ಐದು ಸ್ವರಗಳ ಅಂತರ) ಇಳಿಸಿ ಎಫ್ ಮೇಜರ್‌ಗೆ ತನ್ನಿ, ಮೇಲಿನ ಸಾಲನ್ನು ಟೆನರ್‌ಗಿಂತ ಚಿಕ್ಕದಾದ, ಮೇಲಿನ ಸ್ವರ ಎಟಕುವ ಆಲ್ಟೊ ಟ್ರೊಂಬೋನಿಗೆ ಕೊಡಿ. ಆಲ್ಟೊ ಸಿಗದಿದ್ದರೆ ಆ ಸಾಲನ್ನು ಆರ್ಗನ್ ನುಡಿಸಲಿ, ಉಳಿದ ಮೂರನ್ನು ಟ್ರೊಂಬೋನ್‌ಗಳು ಹಂಚಿಕೊಳ್ಳಲಿ. ಆಸ್ಟ್ರಿಯದ ಚರ್ಚುಗಳಲ್ಲಿ ಮೂರು ಟ್ರೊಂಬೋನ್‌ಗಳು ಹಾಡುವವರ ಕೆಳಗಿನ ಮೂರು ಧ್ವನಿಗಳ ಜೊತೆಗೇ ನಡೆಯುತ್ತಿದ್ದುದು ಹಳೆಯ ಪದ್ಧತಿ. ಸೊಪ್ರಾನೊವನ್ನು ಒಂದು ಆಕ್ಟೇವ್ ಇಳಿಸುವ ಸುಲಭದ ದಾರಿ ಹಿಡಿಯಬೇಡಿ, ರಾಗ ಆಲ್ಟೊದ ಕೆಳಗೆ ಹೂತುಹೋಗುತ್ತದೆ.

ಇಳಿಸಿದ ಮೇಲೆ ಬಾಸ್ ಸಾಲನ್ನು ಒಂದೊಂದೇ ಸ್ವರ ನೋಡಿ. ಎಫ್ ವಾಲ್ವ್ (ಕೊಳವೆ ಉದ್ದ ಮಾಡಿ ಸ್ವರ ಇಳಿಸುವ ಕೀಲು) ಇರುವ ಟೆನರ್‌ನಲ್ಲಿ ಮಿಡ್ಲ್ ಸಿಗಿಂತ ಎರಡು ಆಕ್ಟೇವ್ ಕೆಳಗಿನ ಸಿ ಸ್ಲೈಡ್ (ಜಾರುವ ಕೊಳವೆ) ಪೂರ್ತಿ ಚಾಚಿದರೆ ಸಿಗುತ್ತದೆ. ಅದರ ಕೆಳಗಿನ ಬಿ ನ್ಯಾಚುರಲ್ ಇಲ್ಲವೇ ಇಲ್ಲ. ಎರಡು ವಾಲ್ವ್‌ನ ಬಾಸ್ ಟ್ರೊಂಬೋನ್ ಇಲ್ಲದಿದ್ದರೆ ಆ ಸ್ವರವನ್ನು ಆರ್ಗನ್ ಪೆಡಲ್‌ಗೆ ಬಿಡಿ.

ಮಂಕಿಗೆ ಕಾರಣ ಆರ್ಗನ್. ಇಂದಿನ ಸಮಶ್ರುತಿಯ (ಆಕ್ಟೇವನ್ನು 12 ಸಮ ಭಾಗ ಮಾಡಿದ) ಆರ್ಗನ್‌ನಲ್ಲಿ ಮೇಜರ್ ಥರ್ಡ್ (ಬುಡದ ಸ್ವರದಿಂದ ಮೂರನೆಯದು) ಶುದ್ಧ ಸ್ವರಕ್ಕಿಂತ ಸುಮಾರು 14 ಸೆಂಟ್ (ಅರ್ಧ ಸ್ವರದ ನೂರನೇ ಒಂದು ಭಾಗವೇ ಒಂದು ಸೆಂಟ್) ಏರಿರುತ್ತದೆ. ಒಳ್ಳೆಯ ಟ್ರೊಂಬೋನಿಗ ಕಿವಿ ಹೇಳಿದಂತೆ ಸ್ಲೈಡ್ ಚಾಚಿ ಅದನ್ನು ಇಳಿಸುತ್ತಾನೆ. ಎರಡೂ ಒಟ್ಟಿಗೆ ಕೇಳಿದಾಗ ಸ್ವರ ಅಲೆಯಾಗಿ ನಡುಗುತ್ತದೆ. ಆದ್ದರಿಂದ ಉದ್ದ ನಿಲ್ಲುವ ಕಾರ್ಡ್‌ಗಳಲ್ಲಿ ಆರ್ಗನ್ನಿಂದ ಥರ್ಡ್ ತೆಗೆದುಹಾಕಿ. ಬುಡದ ಸ್ವರ ಮತ್ತು ಫಿಫ್ತ್ ಸಾಕು. ಆರ್ಗನ್ನಿನ ಕೊಳವೆ ಸಾಲುಗಳಲ್ಲಿ ಎಂಟಡಿಯ ಫ್ಲೂಟ್, ಪೆಡಲ್‌ಗೆ 16 ಅಡಿಯ ಸುಬ್‌ಬಾಸ್ ಇಡಿ, ಗಟ್ಟಿ ನಾದದ ಪ್ರಿನ್ಸಿಪಾಲ್ ಬೇಡ. ಬೆಚ್ಚಗಾದಂತೆ ಆರ್ಗನ್ನಿನ ಫ್ಲೂ ಕೊಳವೆಗಳು (ಕೊಳಲಿನಂತೆ ನುಡಿಯುವವು) ಸೆಲ್ಸಿಯಸ್ ಡಿಗ್ರಿಗೆ ಸುಮಾರು 3 ಸೆಂಟ್ ಏರುತ್ತವೆ. ಹಾಗಾಗಿ ಜನ ಕೂತು ಒಳಗೆ ಕಾವೇರಿದ ಮೇಲೆ ಇನ್ನೊಮ್ಮೆ ಶ್ರುತಿ ಸೇರಿಸಿ.

ಹಾಡಿನ ‘ಇರೆಪ್ರೆಹೆನ್ಸಿಬಿಲಿಸ್ ಎಸ್ತ್’ ಎಂಬ ಪದಗಳ ಭಾಗದಲ್ಲಿ ಮೂಲದಲ್ಲೇ ಬಾಸ್ ಸುಮ್ಮನಿರುತ್ತದೆ. ಅಲ್ಲಿ ಆರ್ಗನ್ ಕೂಡ ಸುಮ್ಮನಿರಲಿ, ಮೇಲಿನ ಮೂವರೇ ಆ ಕ್ರೊಮ್ಯಾಟಿಕ್ (ಅರ್ಧ ಸ್ವರಗಳ) ಇಳಿತವನ್ನು ಮೆಲ್ಲಗೆ ದಾಟಲಿ. ಕೊನೆಗೆ ಬರುವ ದೊಡ್ಡ ವಿರಾಮದಲ್ಲಿ ಪೆಡಲ್ ಒತ್ತಿ ಹಿಡಿಯುವ ಚಪಲ ಬರುತ್ತದೆ, ಖಂಡಿತ ಬೇಡ. ಆ ಮೌನ ಕಟ್ಟಡದ ಪ್ರತಿಧ್ವನಿಗೆಂದೇ ಮೀಸಲು.

ಪ್ರಶ್ನೆ: ಸ್ಲರ್ ಗುರುತು (ಸ್ವರಗಳನ್ನು ಬೆಸೆಯುವ ಬಾಗು ಗೆರೆ) ಹಾಕಿದಲ್ಲೆಲ್ಲ ಸ್ವರ ಜಾರುತ್ತದೆ. ಗುರುತು ತೆಗೆದರೆ ಪ್ರತಿ ಸ್ವರವೂ ಕುಟ್ಟಿದಂತಾಗುತ್ತದೆ. ಏನು ಮಾಡಲಿ?

ಉತ್ತರ: ಸ್ಲರ್ ಬಿಡಿ, ಪ್ರತಿ ಪಾರ್ಟ್‌ನಲ್ಲೂ ಸ್ವರದಡಿ ಲ್ಯಾಟಿನ್ ಪದ ಬರೆಯಿರಿ. ಒತ್ತಿರುವ ಅಕ್ಷರಕ್ಕೆ ‘ದ’ ಎಂದು ನಾಲಿಗೆ ಮುಟ್ಟಿಸಲಿ, ಉಳಿದವಕ್ಕೆ ಇನ್ನೂ ಮೃದುವಾಗಿ. ಅಲ್ಪವಿರಾಮ ಇದ್ದಲ್ಲೇ ಉಸಿರು. ಜಾರುವ ಜಾಗ ಮೊದಲೇ ಗೊತ್ತಾಗುತ್ತದೆ: ಬಾಸ್ ಕ್ಲೆಫ್‌ನ ಎರಡನೇ ಗೆರೆಯ ಬಿ ಫ್ಲಾಟ್‌ನಿಂದ ಬಿ ನ್ಯಾಚುರಲ್‌ಗೆ ಹೋಗಲು ಸ್ಲೈಡ್ ಒಂದನೇ ಸ್ಥಾನದಿಂದ ಏಳಕ್ಕೆ (ಒಳತುದಿಯಿಂದ ಹೊರತುದಿಗೆ) ಓಡಬೇಕು. ಎಫ್ ವಾಲ್ವ್ ಒತ್ತಿದರೆ ಅದೇ ಬಿ ಎರಡನೇ ಸ್ಥಾನದಲ್ಲಿ ಸಿಗುತ್ತದೆ. ಪಾರ್ಟ್‌ನಲ್ಲಿ ಸ್ವರದ ಮೇಲೆ ಪೆನ್ಸಿಲ್‌ನಿಂದ ‘ವಾ 2’ ಎಂದು ಗುರುತು ಹಾಕಿಡಿ.