ಶರಾವತಿ ಕರೆಂಟು, ಆಟೋ ಸ್ಟಾರ್ಟರು ಮತ್ತು ಹೊಗೆಯ ಲೆಕ್ಕ

ಪ್ರಶ್ನೆ: ಅರಸೀಕೆರೆ ಹತ್ತಿರ ನಾಲ್ಕು ಎಕರೆ ತೆಂಗು, ಏಳೂವರೆ ಎಚ್‌ಪಿ ಮೋಟರ್. ಕರೆಂಟ್ ಪುಕ್ಕಟೆ, ಅದೂ ಶರಾವತಿ ನೀರಿನದು, ಹೊಗೆ ಇಲ್ಲ. ಹವಾಮಾನ ಕೆಡಲು ರೈತರೂ ಕಾರಣ ಅನ್ನುವುದು ಯಾವ ನ್ಯಾಯ ಸಾರ್? ಡೀಸೆಲ್‌ಗೆ ತೆರಿಗೆ ಹಾಕಿದ್ದು ಸಾಲದೇ?

ಉತ್ತರ: ಪ್ರತಿ ಬೇಸಿಗೆಗೂ ಇದೇ ಪ್ರಶ್ನೆ, ಪ್ರತಿಸಲವೂ ಶರಾವತಿಯನ್ನು ಮುಂದಿಟ್ಟುಕೊಂಡು. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ಕಲ್ಲಿದ್ದಲು ಸುಡುವ ರಾಯಚೂರಿನದು 1,720, ಬಳ್ಳಾರಿಯದು 1,700. ತಂತಿಯಲ್ಲಿ ಎಲ್ಲವೂ ಕಲಸಿಯೇ ಬರುತ್ತದೆ. ಇವತ್ತು ಲಿಂಗನಮಕ್ಕಿಯಲ್ಲಿ ಉಳಿದ ನೀರು ನಾಳೆ ಕಲ್ಲಿದ್ದಲಿನ ಬದಲು ಕೆಲಸಕ್ಕೆ ಬರುತ್ತದೆ. ಹಾಗಾಗಿ ನೀವು ದಂಡ ಮಾಡಿದ ಯೂನಿಟ್ ನೀರಿನದೇ ಆದರೂ ಖರ್ಚು ಬೀಳುವುದು ಕಲ್ಲಿದ್ದಲಿನ ಖಾತೆಗೆ.

ಹೋದ ಬೇಸಿಗೆ ಪರಿಚಿತರೊಬ್ಬರ ತೋಟದ ಮನೆಯಲ್ಲಿ ಮಲಗಿದ್ದೆ. ರಾತ್ರಿ ಒಂದೂವರೆಗೆ ತ್ರೀ ಫೇಸ್ ಬಂತು. ಸ್ಟಾರ್ಟರ್ ಪೆಟ್ಟಿಗೆ ಟಕ್ ಅಂದಿತು, ಮೋಟರ್ ತಾನಾಗಿ ಓಡತೊಡಗಿತು, ಯಜಮಾನರು ಮಗ್ಗುಲು ಬದಲಿಸಿದರು. ಬೆಳಗ್ಗೆ ನೋಡಿದರೆ ಮೂರು ಸಾಲಿನ ಪಾತಿ ತುಂಬಿ ತುಳುಕಿ, ನೀರು ಬದು ಒಡೆದುಕೊಂಡು ಗಾಡಿದಾರಿಗೆ ಇಳಿದಿತ್ತು. ‘ಬಂದಾಗ ಹೊಡ್ಕೊಳ್ಲಿ ಬಿಡಿ’ ಅಂದರು. ಅವರನ್ನು ಬೈಯಲು ನನಗೆ ಬಾಯಿಲ್ಲ. ಪುಕ್ಕಟೆ ಸಿಕ್ಕಿದ್ದನ್ನು ಉಳಿಸಲು ನಡುರಾತ್ರಿ ಹಾವು ಚೇಳಿನ ನಡುವೆ ಹೋಗಿ ವಾಲ್ವ್ ತಿರುಗಿಸು ಅಂದರೆ ನಾನೂ ಏಳುವವನಲ್ಲ.

ಆದರೆ ಲೆಕ್ಕ ನೋಡಿ. ಏಳೂವರೆ ಎಚ್‌ಪಿ ಮೋಟರ್ ಗಂಟೆಗೆ ಹೆಚ್ಚುಕಡಿಮೆ ಆರೂವರೆ ಯೂನಿಟ್ ಎಳೆಯುತ್ತದೆ. ಏಳು ಗಂಟೆ ಓಡಿದರೆ 45 ಯೂನಿಟ್. ದೇಶದ ಗ್ರಿಡ್‌ನಲ್ಲಿ ಯೂನಿಟ್‌ಗೆ ಸರಾಸರಿ 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್. ಅರ್ಧ ಓಟ ದಂಡ ಅಂತಿಟ್ಟುಕೊಂಡರೂ ರಾತ್ರಿಗೆ 15 ಕೆ.ಜಿ. ಮೇಲಾಯಿತು, ಐದಾರು ಲೀಟರ್ ಡೀಸೆಲ್ ಸುಟ್ಟ ಹಾಗೆ. ಟಿಲ್ಲರ್‌ಗೆ ತಂದ ಡೀಸೆಲ್ ಅಷ್ಟು ಚೆಲ್ಲಿದ್ದರೆ ಆಳಿಗೆ ಆವತ್ತು ಊಟವೂ ಇಳಿಯುತ್ತಿರಲಿಲ್ಲ.

ತೆರಿಗೆಯ ಕಥೆಯೂ ಇಷ್ಟೇ. ಡೀಸೆಲ್ ಮೇಲಿನ ರಾಜ್ಯದ ಮಾರಾಟ ತೆರಿಗೆ 2025ರ ಏಪ್ರಿಲ್‌ನಲ್ಲಿ ಶೇ 21.17ಕ್ಕೆ ಏರಿದ್ದು ಬಂಕಿಗೆ ಹೋದವರಿಗೆಲ್ಲ ಗೊತ್ತಾಯಿತು. ಕಲ್ಲಿದ್ದಲಿಗೆ 2010ರಲ್ಲಿ ಟನ್ನಿಗೆ 50 ರೂಪಾಯಿ ಸೆಸ್ ಬಂತು, 2016ರಲ್ಲಿ ಅದು 400 ಆಯಿತು, 2025ರ ಸೆಪ್ಟೆಂಬರ್‌ನಲ್ಲಿ ರದ್ದಾಗುವತನಕ ಅಷ್ಟೇ ಇತ್ತು. ಯೂನಿಟ್‌ಗೆ ಹಂಚಿದರೆ 25 ಪೈಸೆಯ ಆಸುಪಾಸು. ಬಿಲ್ಲೇ ಬರದವರಿಗೆ ಆ 25 ಪೈಸೆ ಕಂಡದ್ದಾದರೂ ಎಲ್ಲಿ? ಸ್ವಿಚ್ಚಿನ ಮೇಲಿರುವ ಕೈಗೆ ಬಿಸಿ ತಾಗದಿದ್ದರೆ ತೆರಿಗೆಯಿಂದ ಖಜಾನೆ ತುಂಬೀತು, ಹೊಗೆ ಇಳಿಯದು.

ಹಾಗಂತ ನಾಳೆಯೇ ಮೀಟರ್ ಹಾಕಿ ವಸೂಲಿಗೆ ಇಳಿಯಿರಿ ಅನ್ನಲಾರೆ. ಕೊಬ್ಬರಿ ರೇಟು ಬಿದ್ದ ವರ್ಷ ಇಲ್ಲಿನ ಮನೆಗಳು ಹೇಗಿರುತ್ತವೆ ಅಂತ ನೋಡಿದ್ದೇನೆ. ಪಂಜಾಬಿನವರು 2018ರಲ್ಲಿ ಬೇರೆ ದಾರಿ ಹಿಡಿದರು: ಕರೆಂಟ್ ಪುಕ್ಕಟೆಯೇ, ಆದರೆ ಗೊತ್ತುಮಾಡಿದ ಮಿತಿಯೊಳಗೆ ಉಳಿಸಿದ ಪ್ರತಿ ಯೂನಿಟ್‌ಗೆ 4 ರೂಪಾಯಿ ರೈತನಿಗೆ. ನನಗೆ ಇದು ಒಪ್ಪಿಗೆ. ಅಂಥದ್ದು ಇಲ್ಲಿಗೆ ಬರುವತನಕ ಆಟೋ ಸ್ಟಾರ್ಟರ್ ಕಿತ್ತುಹಾಕಿ, ಇಲ್ಲವೇ ಟೈಮರ್ ಕೂರಿಸಿ. ಲೈನಿನ ಮೋಟರ್‌ಗಳೆಲ್ಲ ಒಂದೇ ಏಟಿಗೆ ಎದ್ದು ಟಿಸಿ (ಟ್ರಾನ್ಸ್‌ಫಾರ್ಮರ್) ಸುಡುವುದೂ ಈ ಆಟೋ ಸ್ಟಾರ್ಟರ್‌ನಿಂದಲೇ. ಹಗಲು ತ್ರೀ ಫೇಸ್ ಸಿಕ್ಕರೆ ಅದನ್ನೇ ಹಿಡಿಯಿರಿ. ಪಾವಗಡದ ಸೋಲಾರ್ ರಾತ್ರಿ ಕೆಲಸ ಮಾಡುವುದಿಲ್ಲ.

ಪ್ರಶ್ನೆ: ಜನಸಂಖ್ಯೆ ಕಮ್ಮಿ ಮಾಡದೆ ಬೇರೆ ಏನು ಮಾಡಿದರೂ ವ್ಯರ್ಥವಲ್ಲವೇ? (ಬೇಲೂರು)

ಉತ್ತರ: ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ ತಾಯಿಗೆ ಸರಾಸರಿ 1.7 ಮಕ್ಕಳು. ಇನ್ನೆಷ್ಟು ಕಮ್ಮಿ ಮಾಡಿಸುತ್ತೀರಿ? ಇಂಗಾಲದ ಡೈಆಕ್ಸೈಡ್‌ನಲ್ಲಿ ವರ್ಷಕ್ಕೆ ಭಾರತದವರ ತಲೆಪಾಲು ಸುಮಾರು 2 ಟನ್, ಅಮೆರಿಕದವರದು 14. ಮನೆಯಲ್ಲಿ ಮೂರು ಜನ, ಎರಡು ಕಾರು ಅಂತ ನೀವೇ ಪತ್ರದಲ್ಲಿ ಬರೆದಿದ್ದೀರಲ್ಲ.

ಪ್ರಶ್ನೆ: ಸಂತೆಯಲ್ಲಿ ಮಾರುವ ಪವರ್ ಸೇವರ್ ಪೆಟ್ಟಿಗೆ ಹಾಕಿದರೆ ಬಿಲ್ಲು ಅರ್ಧವಾಗುತ್ತದೆಯೇ? (ಚನ್ನರಾಯಪಟ್ಟಣ)

ಉತ್ತರ: ಇಲ್ಲ. ಒಳಗಿರುವುದು ಒಂದು ಕೆಪಾಸಿಟರ್, ಒಂದು ಹಸಿರು ದೀಪ. ಅರ್ಧವಾಗುವುದು ನಿಮ್ಮ ಜೇಬು.

ಪ್ರಶ್ನೆ: ಕಾಫಿ ತೋಟದ ನೆರಳು ಮರಗಳಿಗೆ ಕಾರ್ಬನ್ ದುಡ್ಡು ಕೊಡಿಸುತ್ತೇನೆಂದು ಏಜೆಂಟರೊಬ್ಬರು ಎಕರೆಗೆ ಇಷ್ಟು ಅಂತ ಅಡ್ವಾನ್ಸ್ ಕೇಳುತ್ತಿದ್ದಾರೆ. (ಸಕಲೇಶಪುರ)

ಉತ್ತರ: ನಿಮ್ಮ ಅಜ್ಜ ನೆಟ್ಟ ಮರ ಸುಮ್ಮನೆ ನಿಂತಿದ್ದಕ್ಕೆ ಕ್ರೆಡಿಟ್ ಹುಟ್ಟುವುದಿಲ್ಲ, ಹೊಸದಾಗಿ ಏನಾದರೂ ಮಾಡಿರಬೇಕು. ದುಡ್ಡು ಕೊಡಬೇಡಿ. ಪಹಣಿ, ಆಧಾರ್ ನಕಲು ಕೊಟ್ಟಾಗಿದ್ದರೆ ಇವತ್ತೇ ವಾಪಸ್ ಇಸ್ಕೊಳ್ಳಿ.