ಮನೇಲಿ ನೇಪಾಳಿನೇ ಮಾತಾಡ್ಬೇಕು ಅಂತ ದಂಡ ಹಾಕ್ತಿದ್ದ ಅಪ್ಪ: ಒಂದು ಆಪ್ತಸಲಹೆ ಪ್ರಕರಣ

ಮೊದ್ಲೇ ಹೇಳ್ಬಿಡ್ತೀನಿ, ಗುರುತು ಸಿಗೋ ವಿವರ ಎಲ್ಲ ಬದಲಾಯ್ಸಿದೀನಿ, ಅವ್ರ ಒಪ್ಪಿಗೆ ತಗೊಂಡೇ ಬರೀತಿದೀನಿ. ಸಿಡ್ನಿಲಿರೋ ಒಂದು ನೇಪಾಳಿ ಕುಟುಂಬ, ಗಂಡ, ಹೆಂಡ್ತಿ, ಆರು ವರ್ಷದ ಮಗಳು. ಗಂಡ ಚಿತ್ವನ್ ಕಡೆಯ ಬಾಹುನ್, ಅಂದ್ರೆ ಅಲ್ಲಿನ ಬ್ರಾಹ್ಮಣ. ಹೆಂಡ್ತಿ ಕಠ್ಮಂಡು ಕಣಿವೆಯ ಪಾಟನ್‌ ಊರಿನ ನೇವಾರ್ ಸಮುದಾಯದವ್ಳು. ಲವ್ ಮ್ಯಾರೇಜ್. ಇಬ್ರೂ ಸ್ಟೂಡೆಂಟ್ ವೀಸಾದಲ್ಲಿ ಬಂದವ್ರು, ಈಗ ಪಿಆರ್, ಅಂದ್ರೆ ಅಲ್ಲೇ ಕಾಯಂ ಇರೋಕೆ ಪರ್ಮಿಟ್ ಆಗಿದೆ, ಅವ್ಳಿಗೆ ಏಜ್ಡ್ ಕೇರಲ್ಲಿ (ವಯಸ್ಸಾದವ್ರನ್ನ ನೋಡ್ಕೊಳ್ಳೋ ಕೆಲ್ಸ) ನೈಟ್ ಶಿಫ್ಟ್, ಅವ್ನು ವೇರ್‌ಹೌಸಲ್ಲಿ. ನಂಗೆ ನೇಪಾಳಿ ಬರಲ್ಲ, ಅವ್ರಿಗೆ ಹಿಂದಿ ಚೆನ್ನಾಗೇ ಬರುತ್ತೆ, ಸೋ ಸೆಷನ್ ಎಲ್ಲ ಹಿಂದಿ ಇಂಗ್ಲಿಷ್ ಕಲಸುಮೇಲೋಗರದಲ್ಲೇ ನಡೀತು.

ಆಸ್ಟ್ರೇಲಿಯಾದಲ್ಲಿ ನೇಪಾಳಿಗಳೇನೂ ಕಮ್ಮಿ ಇಲ್ಲ. 2016ರ ಗಣತೀಲಿ ನೇಪಾಳದಲ್ಲಿ ಹುಟ್ಟಿದವ್ರು ಸುಮಾರು 55 ಸಾವಿರ ಇದ್ದದ್ದು 2021ಕ್ಕೆ 1.2 ಲಕ್ಷ ದಾಟಿತ್ತು. ಅಂಗಡಿ, ಮೊಮೊ, ಹಾಲ್ ಬುಕ್ ಮಾಡಿ ಮಾಡೋ ದಶೈನ್ (ಅವ್ರ ದಸರಾ) ಪಾರ್ಟಿ, ಎಲ್ಲ ಕೈಗೆಟುಕೋ ಹಾಗಿದೆ. ಆದ್ರೂ ಇವ್ರು ನನ್ ಹತ್ರ ಬಂದಿದ್ದು "ನಮ್ ಸಂಸ್ಕೃತಿ ಹೋಗ್ತಿದೆ, ಅದ್ರಿಂದ ದಿನಾ ಜಗಳ" ಅಂತ.

ಹಿನ್ನೆಲೆ ಕೇಳ್ದಾಗ ಗೊತ್ತಾಗಿದ್ದು, ಮಗೂಗೆ ಮೂರು ವರ್ಷ ಇದ್ದಾಗ ಚೈಲ್ಡ್‌ಕೇರಲ್ಲಿ ಯಾರೋ ಒಬ್ರು "ಇವ್ಳು ಮಾತು ನಿಧಾನ, ಎರಡು ಭಾಷೆಯಿಂದ ಕನ್‌ಫ್ಯೂಸ್ ಆಗಿದಾಳೆ, ಮನೇಲಿ ಬರೀ ಇಂಗ್ಲಿಷ್ ಮಾತಾಡಿ" ಅಂದಿದ್ರಂತೆ. ಇವ್ರು ಹೆದ್ರಿ ಹಾಗೇ ಮಾಡಿದ್ರು. ಇದು ತಪ್ಪು ಸಲಹೆ, ಸ್ಪಷ್ಟವಾಗೇ ಹೇಳ್ತೀನಿ, ಯಾಕಂದ್ರೆ ನಮ್ ಕನ್ನಡದ ಅಪ್ಪ ಅಮ್ಮಂದ್ರೂ ಇದೇ ಮಾತು ಕೇಳಿಸ್ಕೊಂಡು ನನ್ ಹತ್ರ ಬರ್ತಾರೆ. ಎರಡು ಭಾಷೆ ಕೇಳೋದ್ರಿಂದ ಮಾತು ತಡ ಆಗಲ್ಲ. ನಿಜವಾದ ತೊಂದರೆ ಇದ್ರೆ ಅದು ಎರಡೂ ಭಾಷೇಲಿ ಕಾಣುತ್ತೆ, ಆಗ ಮೊದ್ಲು ಕಿವಿ ಟೆಸ್ಟ್ ಮಾಡಿಸ್ಬೇಕು, ಆಮೇಲೆ ಸ್ಪೀಚ್ ಪೆಥಾಲಜಿಸ್ಟ್ ಹತ್ರ ಹೋಗ್ಬೇಕು, ಅವ್ರೂ ಎರಡೂ ಭಾಷೆಯ ಪದಗಳನ್ನ ಒಟ್ಟಿಗೇ ಲೆಕ್ಕ ಹಾಕ್ಬೇಕು. ಈ ಹುಡ್ಗಿಗೆ ಅದ್ಯಾವ್ದೂ ತೊಂದ್ರೆ ಇರ್ಲಿಲ್ಲ. ಇಂಗ್ಲಿಷ್ ಸರಾಗ ಬಂತು, ನೇಪಾಳಿ ಹೋಯ್ತು.

ಆಮೇಲೆ ಅಪ್ಪನಿಗೆ ಗಾಬರಿ. ಚಿತ್ವನ್‌ನಲ್ಲಿ ಅವನ ಅಪ್ಪ ಫೋನಲ್ಲಿ "ಮೊಮ್ಮಗಳನ್ನ ಕಳ್ಕೊಂಡ್ವಿ" ಅಂದ್ಬಿಟ್ರಂತೆ. ಅವತ್ತಿಂದ ರೂಲ್ ಶುರು. ಊಟದ ಟೇಬಲ್ ಮೇಲೆ ಒಂದು ಗಾಜಿನ ಜಾರ್, ಮನೇಲಿ ಇಂಗ್ಲಿಷ್ ಪದ ಬಂದ್ರೆ ಅವ್ಳ ಪಾಕೆಟ್ ಮನಿಯಿಂದ 20 ಸೆಂಟ್ ದಂಡ. ಹುಡ್ಗಿ ಚುರುಕು, ಬಾಯೇ ಬಿಡದಿದ್ರೆ ದುಡ್ಡು ಉಳಿಯುತ್ತೆ ಅಂತ ಒಂದೇ ವಾರದಲ್ಲಿ ಕಂಡ್ಕೊಂಡ್ಲು, ಊಟಕ್ಕೆ ಕೂತ್ರೆ ಮಾತೇ ಇಲ್ಲ. ಶನಿವಾರ ಸಂಜೆ ವಿಡಿಯೋ ಕಾಲ್ ಅಂದ್ರೆ ಇನ್ನೂ ಕಷ್ಟ, "ನಮಸ್ತೆ ಹೇಳು, ಕವಿತೆ ಹೇಳು, ಅಜ್ಜನಿಗೆ ತಿಮಿ (ನೀನು) ಅನ್ಬಾರ್ದು ತಪಾಯಿ (ನೀವು) ಅನ್ಬೇಕು" ಅಂತ ಪಕ್ಕದಲ್ಲಿ ಕೂತು ತಿದ್ದೋದು, ಅಲ್ಲಿಂದ ಅಜ್ಜ ಅಜ್ಜಿ ಪ್ರಶ್ನೆ ಕೇಳೋದು. ಕಾಲ್ ಟೈಮ್ ಆಯ್ತು ಅಂದ್ರೆ ಅವ್ಳಿಗೆ ಬಾತ್‌ರೂಮಿಗೆ ಅರ್ಜೆಂಟ್. ಯಾಕೆ ಬರಲ್ಲ ಹೇಳಿ, ನಂಗೂ ಬರ್ತಿತ್ತು.

ಅಮ್ಮ ಒಬ್ಬಳೇ ಇದ್ದಾಗ ಅವ್ಳ ಜೊತೆ ಮಾತಾಡ್ದೆ, ವಿಷ್ಯ ಬೇರೆ ಕಡೆ ತಿರುಗ್ತು. ಅವ್ಳ ಮಾತೃಭಾಷೆ ನೇಪಾಳಿನೇ ಅಲ್ಲ, ನೇಪಾಳ ಭಾಷಾ, ಅಂದ್ರೆ ನೇವಾರಿ. ಹೆಸ್ರು ಹತ್ತಿರ ಇದೆ, ಭಾಷೆ ಪೂರ್ತಿ ಬೇರೆ, ನೇಪಾಳಿ ಹಿಂದಿ ಕಡೆಯದ್ದು, ಇದು ಟಿಬೆಟೋ-ಬರ್ಮನ್ ಕುಟುಂಬದ್ದು. ನೇಪಾಳದ 2021ರ ಗಣತೀಲಿ 124 ಮಾತೃಭಾಷೆ ಲೆಕ್ಕಕ್ಕೆ ಬಂದಿವೆ, ನೇಪಾಳಿ ಮನೆಮಾತಾಗಿರೋರು ಶೇ. 45ರ ಹತ್ರ ಅಷ್ಟೇ. ಇವ್ಳ ಅಮ್ಮ ಸ್ಕೂಲಿಗೆ ಹೋಗ್ತಿದ್ದದ್ದು ಪಂಚಾಯತ್ ಆಡಳಿತದ ಕಾಲ, ಅಂದ್ರೆ ಪಕ್ಷಗಳನ್ನ ನಿಷೇಧಿಸಿ ರಾಜನೇ ಆಳ್ತಿದ್ದ ಕಾಲ, ಒಂದೇ ಭಾಷೆ ಒಂದೇ ವೇಷ ಅಂತ ಘೋಷಣೆ ಇದ್ದ ಕಾಲ, 1965ರಲ್ಲಿ ರೇಡಿಯೋ ನೇಪಾಳದಿಂದ ನೇಪಾಳ ಭಾಷೆಯ ನ್ಯೂಸನ್ನೇ ತೆಗೆದು ಹಾಕಿದ್ರು. ಆ ತಾಯಿ ತನ್ ಮಕ್ಕಳಿಗೆ "ಹೊರಗಡೆ ನೇಪಾಳಿ ಮಾತಾಡಿ, ನಗ್ತಾರೆ" ಅಂತಿದ್ರಂತೆ. ಈಗ ಮಗಳು ಸಿಡ್ನಿಲಿ ತನ್ನಮ್ಮನ ಜೊತೆ ಫೋನಲ್ಲಿ ನೇಪಾಳ ಭಾಷೆ ಮಾತಾಡೋದು ಅಡಿಗೆಮನೆ ಬಾಗಿಲು ಹಾಕ್ಕೊಂಡು. ಯಾರೂ ಬೇಡ ಅಂದಿಲ್ಲ, ಗಂಡನೂ ಬೇಡ ಅಂದಿಲ್ಲ. ಮಂಗಳೂರು ಕಡೆಯವ್ಳು ಬೆಂಗಳೂರಿನ ಮನೆಗೆ ಸೊಸೆಯಾಗಿ ಬಂದು ತುಳುವನ್ನ ಬರೀ ಅಮ್ಮನ ಫೋನಿಗೆ ಇಟ್ಕೊಳ್ಳಲ್ವಾ, ಹಾಗೇ ತಾನಾಗೇ ಆಗಿದ್ದು. ಸಂಸ್ಕೃತಿ ಉಳಿಸ್ಬೇಕು ಅಂತ ಆ ಮನೇಲಿ ನಡೀತಿದ್ದ ಅಷ್ಟೂ ಜಗಳದಲ್ಲಿ ಇವ್ಳದ್ದು ಯಾವುದೂ ಲಿಸ್ಟಲ್ಲೇ ಇರ್ಲಿಲ್ಲ, ಆದ್ರೆ ಮಗು ನೇಪಾಳಿ ಕಲೀದಿದ್ರೆ ಬೈಗುಳ ಮಾತ್ರ ಇವ್ಳಿಗೇ, "ಅಮ್ಮ ಆಗಿ ಕಲಿಸ್ಲಿಲ್ಲ" ಅಂತ. ರಾತ್ರಿ ಪೂರ್ತಿ ಕೆಲ್ಸ ಮಾಡಿ ಬೆಳಗ್ಗೆ ಬಂದು ಮಲಗೋಳು ಯಾವಾಗ ಕಲಿಸ್ಬೇಕು?

ಸಲಹೆಗೆ ಬರ್ತೀನಿ. ಜಾರ್ ಅವತ್ತೇ ಎತ್ತಿಡಿ ಅಂದೆ, ಅದರಲ್ಲಿದ್ದ ದುಡ್ಡು ಮಗೂಗೆ ವಾಪಸ್ ಕೊಡಿ ಅಂತಾನೂ. ಅಪ್ಪ ನೇಪಾಳಿನೇ ಮಾತಾಡ್ಲಿ, ಮಗು ಇಂಗ್ಲಿಷಲ್ಲಿ ಉತ್ತರ ಕೊಟ್ರೂ ಪರ್ವಾಗಿಲ್ಲ, ತಿದ್ದಬೇಡಿ, ಅದೇ ಮಾತನ್ನ ನೇಪಾಳಿಲಿ ಸಹಜವಾಗಿ ತಿರುಗಿ ಹೇಳಿ ಮುಂದೆ ಹೋಗಿ. ಅಮ್ಮ ತನಗೆ ಇಷ್ಟ ಇದ್ರೆ ನೇಪಾಳ ಭಾಷೇಲಿ ಮಾತಾಡ್ಲಿ, ಅಡಿಗೆಮನೆ ಬಾಗಿಲು ತೆರೆದೇ ಇರ್ಲಿ. "ಎರಡಕ್ಕೇ ತಿಣುಕ್ತಿದಾಳೆ, ಮೂರನೇದು ಬೇರೆನಾ?" ಅಂದ ಅಪ್ಪ. ಪಾಟನ್‌ನ ನೇವಾರ್ ಮನೆ ಮಕ್ಕಳು ಮನೇಲೊಂದು, ಬೀದೀಲೊಂದು, ಸ್ಕೂಲಲ್ಲೊಂದು ಅಂತ ಮೂರರಲ್ಲೇ ಬೆಳೆಯೋದು, ನಿನ್ ಹೆಂಡ್ತಿನೇ ಹಾಗೆ ಬೆಳೆದಿದ್ದು ಅಂತ ನೆನಪಿಸ್ದೆ. ಮೂರೂ ಒಂದೇ ಸಮ ಬರಲ್ಲ ಅನ್ನೋದನ್ನೂ ಹೇಳ್ದೆ, ಎಷ್ಟು ಹೊತ್ತು ಕಿವಿಗೆ ಬೀಳುತ್ತೋ ಅಷ್ಟೇ ಬರೋದು.

ವಿಡಿಯೋ ಕಾಲಲ್ಲಿ ಪರೀಕ್ಷೆ ಬಂದ್. ಹತ್ತು ನಿಮಿಷ ಸಾಕು, ಅಜ್ಜ ಮೇಕೆ ತೋರಿಸ್ಲಿ, ಇವ್ಳು ಬಿದ್ದ ಹಲ್ಲು ತೋರಿಸ್ಲಿ. ಅಜ್ಜನಿಗೆ ಇದನ್ನ ಮಗನೇ ಫೋನ್ ಮಾಡಿ ಹೇಳ್ಬೇಕು, ಸೊಸೆ ಅಲ್ಲ ಅಂತ ಒತ್ತಿ ಹೇಳ್ದೆ. ಶನಿವಾರದ ನೇಪಾಳಿ ಕ್ಲಾಸನ್ನ ಸದ್ಯಕ್ಕೆ ಬಿಡಿ ಅಂದೆ. ಕ್ಲಾಸ್ ಕೆಟ್ಟದ್ದು ಅಂತಲ್ಲ, ಮಾತಲ್ಲೇ ಸಿಟ್ಟಿರೋ ಮಗೂಗೆ ದೇವನಾಗರಿ ಅಕ್ಷರ ತಿದ್ದಿಸಿದ್ರೆ ಅದೂ ಒಂದು ದಂಡನೇ ಆಗುತ್ತೆ.

ದಶೈನ್ ವಿಷ್ಯದಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಕೂತ್ವಿ. ಪ್ರತಿ ವರ್ಷ ದೊಡ್ಡ ಪಾರ್ಟಿಗೆ ಹೋಗೋರು, ಡಿಜೆ, ಫೋಟೋ, ಮಗು ಮೂಲೇಲಿ ಟ್ಯಾಬ್ ಹಿಡ್ಕೊಂಡು. ಇನ್ಮೇಲೆ ಜಮರಾ ಕೆಲ್ಸ ಪೂರ್ತಿ ಅವ್ಳಿಗೆ ಬಿಡಿ ಅಂದೆ. ಘಟಸ್ಥಾಪನೆ ದಿನ ಮಣ್ಣಲ್ಲಿ ಬಾರ್ಲಿ ಬಿತ್ತಿ ಕತ್ತಲಲ್ಲಿ ಇಡ್ತಾರಲ್ಲ, ಬಿಸಿಲು ಕಾಣದೆ ಹಳದಿಯಾಗಿ ಬೆಳೆಯೋ ಆ ಮೊಳಕೆನೇ ಹತ್ತನೇ ದಿನ ಟೀಕಾ (ಹಣೆಗಿಡೋ ತಿಲಕ) ಜೊತೆ ಹಿರಿಯರು ತಲೆಗೆ ಇಡೋದು. ಅಮ್ಮ ಹಿಂದೊಂದ್ಸಲ ಟ್ರೈ ಮಾಡಿ ಮೊಳೀಲಿಲ್ಲ ಅಂದ್ಲು, ಕೇಳಿದ್ರೆ ಸೂಪರ್‌ಮಾರ್ಕೆಟಿನ ಪರ್ಲ್ ಬಾರ್ಲಿ ಹಾಕಿದ್ಲಂತೆ, ಪಾಲಿಶ್ ಮಾಡಿದ್ದು ಎಲ್ಲಿ ಮೊಳೆಯುತ್ತೆ, ಸಿಪ್ಪೆ ಇರೋ ಇಡೀ ಕಾಳು ಬೇಕು. ಟೀಕಾ ದಿನ ಅಮ್ಮಂಗೆ ಡ್ಯೂಟಿ ಇದ್ರೆ ಅಳೋದ್ಬೇಡ, ಕೋಜಾಗ್ರತ ಹುಣ್ಣಿಮೆವರೆಗೂ ನೆಂಟರ ಮನೆಗೆ ಹೋಗಿ ಟೀಕಾ ತಗೊಳ್ಳೋ ಪದ್ಧತಿ ಇದೆಯಲ್ಲ, ರಜೆ ಇರೋ ದಿನ ಇಟ್ಕೊಳ್ಳಿ. ಇದನ್ನ ಒಬ್ಬ ಕನ್ನಡದವ್ಳು ನೇಪಾಳಿಗಳಿಗೆ ಹೇಳ್ಬೇಕಾಯ್ತು ಅಂತ ಇಬ್ರೂ ನಕ್ರು.

ತಿಹಾರ್, ಅಂದ್ರೆ ಅವ್ರ ದೀಪಾವಳಿ ಟೈಮಲ್ಲಿ ಬರೋ ಮ್ಹಪೂಜಾ ಬಗ್ಗೆನೂ ಕೇಳ್ದೆ. ನೇವಾರ್ ಹೊಸವರ್ಷದ ದಿನ ಮನೇಲಿ ಒಬ್ಬೊಬ್ರ ಮುಂದೂ ಒಂದೊಂದು ಮಂಡಲ ಬರೆದು ಅವರವರ ದೇಹಕ್ಕೇ, ಅವರವರಿಗೇ ಪೂಜೆ. ಮದುವೆ ಆದ್ಮೇಲೆ ಒಂದ್ಸಲನೂ ಮಾಡಿರ್ಲಿಲ್ಲ. ಅಪ್ಪ "ನಂಗೆ ಯಾರು ಹೇಳಿದ್ರು ಮಾಡ್ಬೇಕು ಅಂತ?" ಅಂದ, ಅವ್ಳು "ನೀನ್ ಯಾವತ್ತು ಕೇಳ್ದೆ?" ಅಂದ್ಲು. ಆ ವರ್ಷ ಲಿವಿಂಗ್ ರೂಮಲ್ಲಿ ಮೂರು ಮಂಡಲ ಬಿತ್ತು.

ಎಲ್ಲಕ್ಕಿಂತ ಜಾಸ್ತಿ ಕೆಲ್ಸ ಮಾಡಿದ್ದು ನಾನಲ್ಲ, ಡಿಸೆಂಬರಲ್ಲಿ ವಿಸಿಟರ್ ವೀಸಾದಲ್ಲಿ ಬಂದ ಅಮ್ಮನ ಅಮ್ಮ. ನೇಪಾಳ ಭಾಷೇಲಿ ಅಜ್ಜಿಗೆ ಅಜಿ ಅಂತಾರೆ, ಕೇಳಿ ನಂಗೆ ಒಂಥರಾ ಖುಷಿ ಆಯ್ತು, ಅದಿರ್ಲಿ. ಅಜಿಗೆ ಇಂಗ್ಲಿಷ್ ಒಂದು ಪದ ಬರಲ್ಲ. ಯೊಮರಿ ಹುಣ್ಣಿಮೆಗೆ ಅಜಿ, ಮೊಮ್ಮಗಳು ಇಬ್ರೂ ಕೂತು ಯೊಮರಿ ಅನ್ನೋ ಸಿಹಿ ಕಡುಬು ಮಾಡೋ ವಿಡಿಯೋ ಅಮ್ಮ ತೋರಿಸಿದ್ಲು. ಅಕ್ಕಿಹಿಟ್ಟಿನ ಕಣಕ, ಬೆರಳಿಗೆ ಎಣ್ಣೆ ಹಚ್ಕೊಂಡು ಅದನ್ನ ತಿರುಗಿಸ್ತಾ ಗೂಡು ಮಾಡಿ, ಒಳಗೆ ಚಾಕು ಅಂತಾರಲ್ಲ ಆ ಗಟ್ಟಿ ಬೆಲ್ಲ, ಎಳ್ಳು ತುಂಬಿ ಬಾಲ ಚೂಪು ಮಾಡ್ಬೇಕು. ಹುಡ್ಗಿದು ಪ್ರತಿಸಲ ಒಡೀತಿತ್ತು, ಅಜಿ ಬೈಯ್ಲಿಲ್ಲ, ಅವ್ಳ ಬೆರಳು ಹಿಡಿದು ಎಷ್ಟು ಆಳ ಒತ್ಬೇಕು ಅಂತ ತೋರಿಸಿ ಒಂದೇ ಮಾತು ಹತ್ತು ಸಲ ಹೇಳ್ತಿದ್ರು, ಹುಡ್ಗಿನೂ ಗೊತ್ತಿಲ್ಲದೆ ಅದನ್ನೇ ಹೇಳ್ತಿದ್ಲು.

ಈಗ ಹೇಗಿದಾರೆ ಅಂದ್ರೆ, ಅಪ್ಪ ತಿದ್ದೋದು ಪೂರ್ತಿ ಬಿಟ್ಟಿಲ್ಲ, ಹುಡ್ಗಿ ನೇಪಾಳಿ ಅರ್ಥ ಮಾಡ್ಕೊಂಡು ಹೆಚ್ಚಾಗಿ ಇಂಗ್ಲಿಷಲ್ಲೇ ಉತ್ತರ ಕೊಡ್ತಾಳೆ, ನೇಪಾಳ ಭಾಷೇಲಿ ಊಟ ತಿಂಡಿ ಮೈಕೈ ಪದಗಳು ಬಂದಿವೆ. ಊಟದ ಟೇಬಲಲ್ಲಿ ಮಾತಿದೆ. ಹೊಸ ಜಗಳನೂ ಇದೆ. ಮಗಳಿಗೆ ಇಹಿ ಮಾಡಿಸ್ಬೇಕು ಅಂತ ಅಮ್ಮ. ನೇವಾರ್ ಹೆಣ್ಮಕ್ಕಳಿಗೆ ದೊಡ್ಡವರಾಗೋಕೆ ಮುಂಚೆ ಬಿಲ್ವದ ಕಾಯಿ ಜೊತೆ ಮಾಡೋ ಮದುವೆ ಶಾಸ್ತ್ರ ಅದು. "ನಮ್ಮಲ್ಲಿ ಇದೆಲ್ಲ ಇಲ್ಲ" ಅಂತ ಚಿತ್ವನ್ ಕಡೆಯವ್ರು. ನೀವಿಬ್ರೂ ಒಂದು ತೀರ್ಮಾನಕ್ಕೆ ಬರೋವರೆಗೂ ಎರಡೂ ಮನೆಗೆ ಏನೂ ಹೇಳ್ಬೇಡಿ, ಅಮ್ಮನ ಇಹಿ ಫೋಟೋ ಇದ್ಯಲ್ಲ, ಅದನ್ನ ಮಗೂಗೆ ತೋರಿಸಿ ಅವ್ಳೇನಂತಾಳೆ ಕೇಳಿ ಅಂದಿದೀನಿ. ಮುಂದಿನ ಸೆಷನ್ ಅದರ ಮೇಲೇ.