ಆತ್ಮಹತ್ಯೆ ಪ್ರಕರಣದಲ್ಲಿ ಠಾಣೆ ಕೊಟ್ಟ ವಿವರವನ್ನೆಲ್ಲ ಹಾಗೆಯೇ ಸುದ್ದಿ ಮಾಡಿದರೆ ತಪ್ಪೇನು?

ಈ ಪ್ರಶ್ನೆ ಕೇಳಿದ ನೀವು ತಾಲ್ಲೂಕು ವರದಿಗಾರರು ಅಂದಿದ್ದೀರಿ, ಹಾಗಾಗಿ ನೇರವಾಗಿ ಕೆಲಸದ ಮಾತಿಗೇ ಬರುತ್ತೇನೆ.

ಹೆಚ್ಚಿನವರು ಎಡವುವುದು ಕಾರಣ ಬರೆಯುವಾಗ. ಅಸಹಜ ಸಾವಿನ ಬಗ್ಗೆ ಠಾಣೆ ದಾಖಲಿಸುವ ವರದಿ, ಅಂದರೆ ಯುಡಿಆರ್‌ನಲ್ಲಿ ‘ಹೊಟ್ಟೆನೋವು ತಾಳಲಾರದೆ’, ‘ಜೀವನದಲ್ಲಿ ಜಿಗುಪ್ಸೆಗೊಂಡು’ ಅಂತ ಇರುತ್ತದಲ್ಲ, ಅದು ಮನೆಯವರು ಆ ಹೊತ್ತಿನ ಗಾಬರಿಯಲ್ಲಿ ಕೊಟ್ಟ ಹೇಳಿಕೆ, ತನಿಖೆಯಲ್ಲಿ ಸಾಬೀತಾದದ್ದಲ್ಲ. ಖಿನ್ನತೆ, ಕುಡಿತ, ಸಾಲ, ಜಗಳ ಹೀಗೆ ಹಲವು ಸೇರಿಕೊಂಡಿರುತ್ತವೆ. ‘ಎಸ್ಸೆಸ್ಸೆಲ್ಸಿ ಫೇಲ್: ವಿದ್ಯಾರ್ಥಿ ಆತ್ಮಹತ್ಯೆಗೆ ಶರಣು’ ಎಂಬ ಶೀರ್ಷಿಕೆಯನ್ನು ಅದೇ ದಿನ ಫೇಲಾದ ಬೇರೆ ಮಕ್ಕಳೂ ಓದುತ್ತಾರೆ. ‘ವಿದ್ಯಾರ್ಥಿ ಸಾವು: ಪ್ರಕರಣ ದಾಖಲು’ ಅಂದರೆ ಸಾಕು. ಕಚೇರಿಯಲ್ಲಿ ಸುದ್ದಿ ತಿದ್ದುವ ಡೆಸ್ಕಿನವರು ಸಪ್ಪೆ ಅನ್ನುತ್ತಾರೆ, ಅನ್ನಲಿ.

ಹಾಗಂತ ಸಾಲದ ವಿಷಯ ಮುಚ್ಚಿಡಬೇಕಿಲ್ಲ. ಕಂತು ವಸೂಲಿಯ ಕಿರುಕುಳ ಇದ್ದರೆ ಸಾಲದ ಪತ್ರ, ಪಾಸ್‌ಬುಕ್ ನೋಡಿ ಅದನ್ನೇ ಬೇರೆ ವರದಿಯಾಗಿ ಬರೆಯಿರಿ.

ಯಾವ ವಿಧಾನ, ಯಾವ ವಸ್ತು, ಎಷ್ಟು ಪ್ರಮಾಣ ಎಂಬುದು ಒಂದಕ್ಷರವೂ ಬೇಡ. ಕೆರೆಯ ಹೆಸರು, ಸೇತುವೆಯ ಹೆಸರು, ಡೆತ್‌ನೋಟ್‌ನ ಸಾಲು, ಫೋಟೊ ಯಾವುದೂ ಬೇಡ. ಭಾರತೀಯ ಪತ್ರಿಕಾ ಮಂಡಳಿ 2019ರಲ್ಲಿ ಕೊಟ್ಟ ಮಾರ್ಗಸೂಚಿ ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಸುದ್ದಿಯನ್ನು ಎದ್ದು ಕಾಣುವಂತೆ ಹಾಕಬಾರದು, ಮತ್ತೆ ಮತ್ತೆ ಹಾಕಬಾರದು ಎಂದೂ ಅದರಲ್ಲಿದೆ. ಇದರಿಂದ ಏನಾದೀತು ಅನ್ನುವವರಿಗೆ ವಿಯೆನ್ನಾ ಉದಾಹರಣೆ ಕೊಡಿ: 1987ರಲ್ಲಿ ಇಂಥದೇ ಸೂಚನೆಯಂತೆ ಅಲ್ಲಿನ ಪತ್ರಿಕೆಗಳು ಈ ಸುದ್ದಿಗಳ ಅಬ್ಬರ ಇಳಿಸಿದ ಮೇಲೆ ಮೆಟ್ರೊದಲ್ಲಿ ಆತ್ಮಹತ್ಯೆಗಳು ಗಣನೀಯವಾಗಿ ಕಡಿಮೆಯಾದವು.

ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದವರ ಹೆಸರು, ಊರು, ಗುರುತು ಸಿಗುವ ಯಾವ ಸುಳಿವೂ ಬೇಡ. ಮಾನಸಿಕ ಆರೋಗ್ಯ ಕೇಂದ್ರದಲ್ಲಿ ಚಿಕಿತ್ಸೆ ಪಡೆಯುತ್ತಿರುವವರ ಫೋಟೊ ಮಾತ್ರವಲ್ಲ, ಯಾವ ಮಾಹಿತಿಯನ್ನೂ ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಕೊಡುವಂತಿಲ್ಲ ಎಂದು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 24ನೇ ಸೆಕ್ಷನ್ ಹೇಳುತ್ತದೆ. ವಾರ್ಡಿನ ಸಿಬ್ಬಂದಿ ಫೋನಿನಲ್ಲಿ ಹೇಳಿದರು ಅನ್ನುವುದು ಒಪ್ಪಿಗೆಯಲ್ಲ. ಹಾಗೆಯೇ, ಕೊಲೆ ಆರೋಪಿಯನ್ನು ಪೊಲೀಸರು ‘ಮಾನಸಿಕ ಅಸ್ವಸ್ಥ’ ಅಂದ ಮಾತ್ರಕ್ಕೆ ಅದು ಶೀರ್ಷಿಕೆಯಾಗಬಾರದು. ಅದನ್ನು ಹೇಳಬೇಕಾದವರು ವೈದ್ಯರು.

ವರದಿಯ ಬುಡದಲ್ಲೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಹಾಕಿ. ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಬೇರೆ ನಂಬರ್ ಹಾಕುವುದಾದರೆ ಅಚ್ಚಿಗೆ ಹೋಗುವ ಮುಂಚೆ ಒಮ್ಮೆ ಕರೆ ಮಾಡಿ ನೋಡಿ, ಕೆಲವು ಕಡೆ ಯಾರೂ ಎತ್ತುವುದಿಲ್ಲ. ವೆಬ್‌ಸೈಟಿನಲ್ಲಾದರೆ ‘ಇದನ್ನೂ ಓದಿ’ ಜಾಗಕ್ಕೆ ಇನ್ನೊಂದು ಆತ್ಮಹತ್ಯೆಯ ಸುದ್ದಿ ತಾನಾಗಿಯೇ ಬಂದು ಕೂರುತ್ತದೆ, ಅದನ್ನು ಕೈಯಾರೆ ತೆಗೆಸಬೇಕು.